ಸಾಕ್ಸ್ ತೆಗೆಸದ ಪಾದ ತಪಾಸಣೆ

ಪೋಸ್ಟರನ್ನು ಗ್ರೂಪಿಗೆ ಹಾಕಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಕೇಳಿದ ಮೇಲೆ ನೀವು ನನಗೆ ಎಷ್ಟು ಬೇಕಾದರೂ ಬೈಯಿರಿ, ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ.

ನನ್ನ ಹೆಸರು ಪೃಥ್ವಿರಾಜ್. ಊರು ಕಾಪುವಿನ ಹತ್ತಿರ. ದುಬೈಗೆ ಬಂದು ಹನ್ನೆರಡು ವರ್ಷ ಆಯಿತು. ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸ, ವಾಸ ಡಿಸ್ಕವರಿ ಗಾರ್ಡನ್ಸಿನಲ್ಲಿ. ನಮ್ಮ ಬಿಲ್ಡಿಂಗು ಮತ್ತು ಅಕ್ಕಪಕ್ಕದ ಬಿಲ್ಡಿಂಗುಗಳಲ್ಲಿರುವ ಕರ್ನಾಟಕದವರು ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೇವೆ. ಇನ್ನೂರ ಹದಿನೆಂಟು ಜನ ಇದ್ದಾರೆ. ಊರಿಗೆ ಹೋಗುವವರ ಕೈಯಲ್ಲಿ ಔಷಧಿ ಕಳಿಸಬೇಕಾದರೆ, ಹಂಚಿಕೊಂಡ ಕೋಣೆಯಲ್ಲಿ ಬೆಡ್ ಸ್ಪೇಸ್ ಖಾಲಿಯಾದರೆ, ಯಾರಾದರೂ ತೀರಿಕೊಂಡರೆ, ಎಲ್ಲ ಸುದ್ದಿಯೂ ಅಲ್ಲೇ. ಗ್ರೂಪಿನ ಅಡ್ಮಿನ್ ನಾನು. ನಾನು ಹಾಕಿದ್ದನ್ನು ಜನ ನಂಬುತ್ತಾರೆ.

ನಮ್ಮಲ್ಲಿ ನಿಂತೇ ದುಡಿಯುವವರು ಹೆಚ್ಚು. ಹೋಟೆಲಿನ ಅಡುಗೆಮನೆ, ಸೂಪರ್ ಮಾರ್ಕೆಟ್ಟಿನ ಕೌಂಟರ್, ಸೆಕ್ಯುರಿಟಿ ಗೇಟು. ಡ್ಯೂಟಿ ಮುಗಿಸಿ ಬಂದವರ ಕಾಲನ್ನು ನೀವು ನೋಡಬೇಕು. ಹಿಮ್ಮಡಿ ಒಡೆದಿರುತ್ತದೆ, ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಎದ್ದಿರುತ್ತದೆ, ಅಂಗಾಲಿನಲ್ಲಿ ಆಣಿ ಇರುತ್ತದೆ. ಜ್ವರಕ್ಕೆ ರಜೆ ಹಾಕುತ್ತಾರೆ, ಹಲ್ಲುನೋವಿಗೆ ರಜೆ ಹಾಕುತ್ತಾರೆ. ಕಾಲಿಗೆಂದು ರಜೆ ಹಾಕಿದವರನ್ನು ನಾನಂತೂ ಕಂಡಿಲ್ಲ. "ಸ್ವಲ್ಪ ತೆಂಗಿನೆಣ್ಣೆ ಹಚ್ಚು ಮಾರಾಯ, ಸರಿಯಾಗ್ತದೆ" ಎಂಬಲ್ಲಿಗೆ ನಮ್ಮ ಮದ್ದು ಮುಗಿಯಿತು.

ಹೀಗಿರುವಾಗ ಕಳೆದ ವರ್ಷ ನಿಖಿಲ್ ಎಂಬವರು ನನಗೆ ಒಂದು ಪೋಸ್ಟರ್ ಕಳಿಸಿದರು. ಹೊಸದಾಗಿ ತೆರೆದ ಒಂದು ಪಾದದ ಕ್ಲಿನಿಕ್ಕಿನಲ್ಲಿ ಅವರಿಗೆ ಮಾರ್ಕೆಟಿಂಗ್ ಕೆಲಸ. ಪೋಸ್ಟರಿನಲ್ಲಿ ಹೀಗಿತ್ತು: "ಪಾದ ತಪಾಸಣೆ ಪೂರ್ತಿ ಉಚಿತ! ಕೋ-ಪೇ ಕಟ್ಟಬೇಕಾಗಿಲ್ಲ! ಇನ್ಶೂರೆನ್ಸ್ ಇದ್ದವರಿಗೆ ಶೂ, ಚಪ್ಪಲಿ ಕಾಣಿಕೆ! ಎಮಿರೇಟ್ಸ್ ಐಡಿ ತಂದರೆ ಸಾಕು!" ಕೋ-ಪೇ ಎಂದರೆ ಗೊತ್ತಲ್ಲ, ಆಸ್ಪತ್ರೆಯ ಬಿಲ್ಲಿನಲ್ಲಿ ಇನ್ಶೂರೆನ್ಸ್ ಕಂಪನಿ ಕೊಟ್ಟು ಉಳಿದದ್ದು, ನಾವು ಕೈಯಿಂದ ಕಟ್ಟಬೇಕಾದ ಪಾಲು. ಅದೂ ಇಲ್ಲವಂತೆ! ನಮ್ಮವರಿಗೆ ಒಳ್ಳೆಯದಾಗಲಿ ಎಂದು ಎರಡನೇ ಯೋಚನೆ ಮಾಡದೆ ಗ್ರೂಪಿಗೆ ಹಾಕಿಬಿಟ್ಟೆ.

ಆ ಸಂಜೆ ನಮ್ಮ ಬಿಲ್ಡಿಂಗಿನ ಲಿಫ್ಟಿನ ಮುಂದೆ ಗುಣಪಾಲಣ್ಣ ಸಿಕ್ಕಿದರು. ಗುಣಪಾಲಣ್ಣ ಕರಾಮಾದ ಒಂದು ಹೋಟೆಲಿನಲ್ಲಿ ದೋಸೆ ಮಾಸ್ಟರ್. ಇಪ್ಪತ್ತೊಂದು ವರ್ಷ ಒಂದೇ ಕಾವಲಿಯ ಮುಂದೆ ನಿಂತ ಮನುಷ್ಯ. ಅವರ ಕೈಯ ತುಪ್ಪದೋಸೆಗೆಂದೇ ಶಾರ್ಜಾದಿಂದ ಜನ ಬರುತ್ತಾರೆ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹೆಂಡತಿ ಭವ್ಯಶ್ರೀಯೂ ಇಲ್ಲೇ ಇದ್ದಾರೆ, ಒಂದು ನರ್ಸರಿ ಶಾಲೆಯಲ್ಲಿ ಆಯಾ. ನಾನು ಭವ್ಯಕ್ಕ ಎಂದೇ ಕರೆಯುವುದು.

"ಪೃಥ್ವೀ, ಆ ಫ್ರೀ ಚೆಕಪ್ ಹೌದಾ? ಬುಧವಾರ ನನಗೆ ರಜೆ. ಹೋಗುವನಾ?" ಎಂದರು ಗುಣಪಾಲಣ್ಣ.

"ಯಲ್ಲಾ, ನಡೀರಿ, ಹೋಗುವ. ನಾನೂ ಅರ್ಧ ದಿನ ರಜೆ ಹಾಕ್ತೇನೆ" ಎಂದೆ.

ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ಕಾರ್ಮಿನಕ್ಕ ಬಂದರು. ಕಾರ್ಮಿನಕ್ಕ ಮಂಗಳೂರಿನವರು. ಒಂದು ದೊಡ್ಡ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ. ಬಿಲ್ಲು ಎಂದರೆ ಅವರಿಗೆ ಬಾಯಿಪಾಠ.

"ಆ ಪೋಸ್ಟರ್ ತೆಗಿ ಪೃಥ್ವೀ" ಎಂದರು, ನಮಸ್ಕಾರವಿಲ್ಲ, ಏನಿಲ್ಲ.

"ಎಂತಕ್ಕೆ ಅಕ್ಕ? ಬಡವರಿಗೆ ಎರಡು ಚಪ್ಪಲಿ ಸಿಕ್ಕಿದ್ರೆ ನಿಮಗೆ ಹೊಟ್ಟೆಉರಿಯಾ?"

ಅವರು ನಗಲಿಲ್ಲ. "ಕೇಳಿಲ್ಲಿ. ಕ್ಲಿನಿಕ್ಕಿನವರು ಮುನ್ನೂರು ದಿರ್ಹಮ್ ಅಂತ ಬಿಲ್ ಬರೀತಾರೆ ಅಂತ ಇಟ್ಕೋ. ಅದ್ರಲ್ಲಿ ಅರವತ್ತು ನಿನ್ನ ಪಾಲು. ಆ ಅರವತ್ತು ಬೇಡ ಅಂತ ಅವರು ಬಿಟ್ಟುಬಿಟ್ರೆ ನಿಜವಾದ ಬೆಲೆ ಎಷ್ಟಾಯ್ತು? ಇನ್ನೂರ ನಲ್ವತ್ತು. ಆದ್ರೆ ಇನ್ಶೂರೆನ್ಸಿನವರಿಗೆ ಮುನ್ನೂರು ಅಂತಲೇ ಹೇಳ್ತಾರೆ. ಸುಳ್ಳು ಅಲ್ವಾ ಅದು? ಅಷ್ಟು ಸುಲಭದಲ್ಲಿ ಒಂದು ಸುಳ್ಳು ಬರೆದವರು ನಿಮ್ಮ ಹೆಸರಲ್ಲಿ ಮತ್ತೆಂತೆಂತ ಬರೀತಾರೋ, ಯಾರಿಗೆ ಗೊತ್ತು?"

"ಹಾಗಾದ್ರೆ ಡಿಸ್ಕೌಂಟ್ ಕೊಡುದೇ ತಪ್ಪಾ?" ಎಂದು ಗುಣಪಾಲಣ್ಣ ಕೇಳಿದರು.

"ಅಲ್ಲಣ್ಣ. ಕೈಯಿಂದ ದುಡ್ಡು ಕೊಡುವವರಿಗೆ ಬೋರ್ಡ್ ಹಾಕಿ, ಬಿಲ್ಲಿನಲ್ಲೂ ತೋರಿಸಿ ಕಡಿಮೆ ಮಾಡಿದ್ರೆ ಅದು ಡಿಸ್ಕೌಂಟ್. ನಿಮ್ಮ ಪಾಲು ಮಾಫ್ ಮಾಡಿ, ಮೇಲಿಂದ ಚಪ್ಪಲಿ ಕೊಟ್ಟು, ಇನ್ಶೂರೆನ್ಸಿಗೆ ಪೂರ್ತಿ ಬಿಲ್ ಹಾಕುದು ಬೇರೆ. ಮತ್ತೆ, ಇಲ್ಲಿ ಆರೋಗ್ಯದ ಜಾಹೀರಾತಿಗೆ ಸರಕಾರದ ಪರ್ಮಿಟ್ ಬೇಕು. ಪೋಸ್ಟರಿನಲ್ಲಿ ಪರ್ಮಿಟ್ ನಂಬರ್ ಎಲ್ಲುಂಟು, ತೋರಿಸು ನೋಡುವ."

ನಾನು ಫೋನ್ ತೆಗೆದು ನೋಡಿದೆ. ನಂಬರ್ ಇರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಇನ್ಶೂರೆನ್ಸ್ ಕಂಪನಿಯ ದುಡ್ಡು ಅಕ್ಕ, ನಮ್ಮಪ್ಪನ ಗಂಟೆಂತ ಹೋಗ್ತದೆ?" ಎಂದೆ. ಗುಣಪಾಲಣ್ಣ ಜೋರಾಗಿ ನಕ್ಕರು. ಕಾರ್ಮಿನಕ್ಕ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ ಲಿಫ್ಟಿನೊಳಗೆ ಹೋದರು. ಆ ನಗುವನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಬುಧವಾರ ಕ್ಲಿನಿಕ್ಕಿಗೆ ಹೋದೆವು. ಮೆತ್ತನೆಯ ಸೋಫಾ, ತಣ್ಣನೆಯ ಜ್ಯೂಸು. ನಿಖಿಲ್ ಬಾಗಿಲಲ್ಲೇ ನಿಂತು "ಬನ್ನಿ ಸರ್, ಬನ್ನಿ" ಎಂದು ಕರೆದರು. ಎಮಿರೇಟ್ಸ್ ಐಡಿ ತೆಗೆದುಕೊಂಡು ಮೆಷಿನ್ನಿಗೆ ಹಾಕಿದರು; ಇಲ್ಲಿ ನಮ್ಮ ಇನ್ಶೂರೆನ್ಸ್ ಆ ಗುರುತಿನ ಕಾರ್ಡಿಗೇ ಜೋಡಿಸಿರುತ್ತದೆ. ಆಮೇಲೆ ಒಂದು ಟ್ಯಾಬ್ಲೆಟ್ ತಂದು ಗುಣಪಾಲಣ್ಣನ ಮುಂದೆ ಹಿಡಿದರು.

"ಇಲ್ಲೊಂದು ಸೈನ್ ಸರ್. ಇಲ್ಲೊಂದು. ಇಲ್ಲೂ."

"ಇಷ್ಟೆಲ್ಲ ಎಂತಕ್ಕೆ?"

"ನಿಮಗೆ ಒಂಬತ್ತು ಸಿಟ್ಟಿಂಗ್ ಪ್ಯಾಕೇಜ್ ಸರ್. ನೀವು ಹೋಟೆಲ್ ಕೆಲಸದವರು, ಒಂಬತ್ತು ಸಲ ಬರೋದಕ್ಕೆ ರಜೆ ಎಲ್ಲಿ ಸಿಗುತ್ತೆ? ಈಗಲೇ ಎಲ್ಲಾ ಸೈನ್ ಮಾಡಿಬಿಡಿ. ಟೈಮ್ ಸಿಕ್ಕಾಗ ಬನ್ನಿ."

ಇದೇ ನೋಡಿ, ನಮ್ಮಂಥವರು ಬೀಳುವ ಹಳ್ಳ. ವಾರಕ್ಕೊಂದೇ ರಜೆ. ಆ ಒಂದು ದಿನದಲ್ಲಿ ಬಟ್ಟೆ ಒಗೆಯಬೇಕು, ಊರಿಗೆ ದುಡ್ಡು ಹಾಕಬೇಕು, ಸಾಮಾನು ತರಬೇಕು, ಒಂದಿಷ್ಟು ನಿದ್ದೆಯೂ ಬೇಕು. ಒಂಬತ್ತು ಸಲದ ಕೆಲಸ ಒಂದೇ ಸಲಕ್ಕೆ ಖಲಾಸ್ ಎಂದರೆ ಯಾರಿಗೆ ಬೇಡ? ಗುಣಪಾಲಣ್ಣ ಒಂಬತ್ತು ಸಹಿ ಹಾಕಿದರು. ನಾನು ಆರು ಹಾಕಿದೆ. ನಾನೂ ಹಾಕಿದೆ, ಅದನ್ನು ಮುಚ್ಚಿಡುವುದಿಲ್ಲ.

"ಡಾಕ್ಟ್ರು ಕಾಲು ನೋಡುದಿಲ್ವಾ?" ಎಂದು ಗುಣಪಾಲಣ್ಣ ಕೇಳಿದ್ದು ನನಗೆ ಸರಿಯಾಗಿ ನೆನಪಿದೆ.

"ನೋಡ್ತಾರೆ ಸರ್, ಇವತ್ತು ರಶ್ ಇದೆ. ಮೊದಲು ಚಪ್ಪಲಿ ಸೆಲೆಕ್ಟ್ ಮಾಡಿ."

ಪಕ್ಕದ ಕೋಣೆಯಲ್ಲಿ ಗೋಡೆ ತುಂಬ ಚಪ್ಪಲಿ, ಶೂ. ಗುಣಪಾಲಣ್ಣ ತನ್ನ ಕಾಲಿಗೆ ಏನನ್ನೂ ನೋಡಲಿಲ್ಲ. ಮುಂದಿನ ತಿಂಗಳು ಯಾರೋ ಊರಿಗೆ ಹೋಗುವವರಿದ್ದರು, ಅವರ ಕೈಯಲ್ಲಿ ಕಳಿಸಲೆಂದು ಭವ್ಯಕ್ಕನಿಗೆ ಫೋನ್ ಮಾಡಿ ಅತ್ತೆಯ ಅಳತೆ ಕೇಳಿದರು, ನಾದಿನಿಯ ಅಳತೆ ಕೇಳಿದರು. ಹೆಂಗಸರ ಚಪ್ಪಲಿ ಎರಡು ಜೊತೆ, ಭಾವನಿಗೊಂದು ಶೂ. ನಾನು ಒಂದು ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದೆ. ಪಾದ ತಪಾಸಣೆಗೆಂದು ಹೋದವರು ನಾವು. ಇಬ್ಬರ ಸಾಕ್ಸನ್ನೂ ಯಾರೂ ತೆಗೆಸಲಿಲ್ಲ. ಅದು ವಿಚಿತ್ರ ಎಂದು ಆಗ ಹೊಳೆಯಲೂ ಇಲ್ಲ.

ನಾಲ್ಕು ತಿಂಗಳು ಕಳೆಯಿತು.

ಒಂದು ದಿನ ಮಧ್ಯಾಹ್ನ ಡ್ಯೂಟಿಯಿಂದ ಬಂದ ಗುಣಪಾಲಣ್ಣ ಬಾತ್‌ರೂಮಿಗೆ ಹೋಗಿ ಬಂದದ್ದನ್ನು ಭವ್ಯಕ್ಕ ನೋಡಿದರು. ಬಿಳಿ ಟೈಲ್ಸಿನ ಮೇಲೆ ಒಂದು ಪಾದದ ಕೆಂಪು ಗುರುತು ಇತ್ತು. ಬಲಗಾಲು ಎತ್ತಿ ನೋಡಿದರೆ ಕಿರುಬೆರಳ ಕೆಳಗೆ ತೂತು ಬಿದ್ದಂಥ ಗಾಯ, ಸುತ್ತ ಕಪ್ಪು. ಕಿಚನ್ ಶೂ ಕೊಡವಿದಾಗ ತೆಂಗಿನ ಗೆರಟೆಯ ಒಂದು ಚೂರು ಕೆಳಗೆ ಬಿತ್ತು. ಚಟ್ನಿಗೆ ಕಾಯಿ ಒಡೆಯುವಲ್ಲಿಂದ ಶೂ ಒಳಗೆ ಹಾರಿದ್ದು, ಎಷ್ಟು ದಿನದಿಂದ ಇತ್ತೋ! ಅದನ್ನು ತುಳಿದುಕೊಂಡೇ ಮನುಷ್ಯ ದೋಸೆ ಹೊಯ್ದಿದ್ದಾರೆ.

"ನೋವಾಗ್ಲಿಲ್ವಾ ನಿಮಗೆ?" ಎಂದು ಭವ್ಯಕ್ಕ ಕಿರುಚಿಕೊಂಡರು.

"ಇಲ್ಲ ಮಾರಾಯ್ತಿ. ಎಂತದೂ ಗೊತ್ತಾಗ್ಲಿಲ್ಲ."

ಆ ಕಿರುಚಾಟ ಕೇಳಿ ನಾನು ಎದುರಿನ ಫ್ಲಾಟಿನಿಂದ ಓಡಿಬಂದೆ. ಭವ್ಯಕ್ಕ ಕಾರ್ಮಿನಕ್ಕನಿಗೆ ಫೋನ್ ಮಾಡಿದರು. ನಾವು ನಕ್ಕದ್ದನ್ನು ಕಾರ್ಮಿನಕ್ಕ ನೆನಪಿಸಲಿಲ್ಲ. "ಕೂಡಲೇ ನಮ್ಮ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನಡೆಸಬೇಡಿ, ಟ್ಯಾಕ್ಸಿ ಮಾಡಿ" ಎಂದರು.

ಅಲ್ಲಿನ ಪಾದದ ಡಾಕ್ಟರು ಮಧುಮತಿ, ಗದಗಿನವರು. ಗುಣಪಾಲಣ್ಣನನ್ನು ಮಂಚದ ಮೇಲೆ ಕೂರಿಸಿ ಎರಡೂ ಸಾಕ್ಸ್ ತೆಗೆಸಿದರು. ಗಾಳದ ದಾರದಂಥ ಒಂದು ತೆಳ್ಳನೆಯ ಎಳೆ ತೆಗೆದುಕೊಂಡು, "ಕಣ್ಣು ಮುಚ್ಚರಿ. ಕಾಲಿಗೆ ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ" ಎಂದರು. ಐದು ಕಡೆ ಮುಟ್ಟಿದರು. ಗುಣಪಾಲಣ್ಣ ಒಂದೇ ಸಲ ಹೂಂ ಎಂದರು. ನಾಲ್ಕು ಸಲ ಆ ಎಳೆ ಅಂಗಾಲಿಗೆ ತಾಗಿ ಬಾಗಿದ್ದನ್ನು ನಾನು ನಿಂತು ನೋಡಿದೆ. ಅವರಿಗೆ ಏನೂ ತಿಳಿಯಲಿಲ್ಲ.

"ಸಕ್ಕರಿ ಕಾಯಿಲಿಯಿಂದ ಕಾಲಿನ ನರ ಸತ್ತಾವು. ನೋವಾಗಲಿಲ್ಲ ಅಂತ ಸಮಾಧಾನ ಮಾಡ್ಕೋಬ್ಯಾಡ್ರಿ. ನೋವು ಗೊತ್ತಾಗವಲ್ದು, ಅದ ತೊಂದ್ರಿ" ಎಂದ ಡಾಕ್ಟರು ಕಂಪ್ಯೂಟರಿನತ್ತ ತಿರುಗಿದರು. ಇಲ್ಲಿ ಬೇರೆ ಕ್ಲಿನಿಕ್ಕಿನ ದಾಖಲೆಯೂ ಅದರಲ್ಲಿ ಕಾಣುತ್ತದೆ. ಅವರ ಹುಬ್ಬು ಗಂಟಿಕ್ಕಿತು. "ಅಲ್ರೀ, ನಾಲ್ಕು ತಿಂಗಳ ಹಿಂದ ಇದ ಕಾಲಿಗೆ ಚಿಕಿತ್ಸಾ ತಗೊಂಡೀರಲ್ಲ? ಒಂಬತ್ತು ಸಲ ಗಾಯ ಸ್ವಚ್ಛ ಮಾಡೇವಿ ಅಂತ ಬರದಾರ. ಕಾಲಿನ ಸ್ಪರ್ಶ ಚಲೋ ಐತಿ ಅಂತ ಬರದಾರ. ಅಳತಿ ತಗೊಂಡು ಸಕ್ಕರಿ ಕಾಯಿಲಿಯವರ ಶೂ ಮಾಡಿ ಕೊಟ್ಟೇವಿ ಅಂತಾನೂ ಐತಿ. ಎಲ್ಲೈತಿ ಆ ಶೂ?"

ಗುಣಪಾಲಣ್ಣ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಆಗ ಗಾಯವೇ ಇರ್ಲಿಲ್ಲ ಡಾಕ್ಟ್ರೇ" ಎಂದು ಭವ್ಯಕ್ಕ ಮೆಲ್ಲಗೆ ಹೇಳಿದರು.

ಡಾಕ್ಟರು ಎಳೆಯನ್ನು ಮೇಜಿನ ಮೇಲಿಟ್ಟರು. "ಈ ಎಳಿ ಮುಟ್ಟಿಸಿ ನೋಡಾಕ ಎರಡು ನಿಮಿಷ ಸಾಕ್ರಿ. ಅವತ್ತು ಯಾರಾದ್ರೂ ಖರೇನ ನೋಡಿದ್ರ, ನಿಮ್ಮ ಕಾಲಿಗೆ ನೋವು ತಿಳಿಯೂದಿಲ್ಲ, ದಿನಾ ಶೂ ಕೊಡವಿ ಹಾಕ್ಕೋರಿ ಅಂತ ಹೇಳ್ತಿದ್ರು." ಅವರ ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನಮ್ಮ ಮೇಲೋ, ಆ ಕ್ಲಿನಿಕ್ಕಿನ ಮೇಲೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವತ್ತೇ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಮುಂದಿನ ಚಿಕಿತ್ಸೆಗೆ ಇನ್ಶೂರೆನ್ಸಿನ ಒಪ್ಪಿಗೆ ಕೇಳಿದರು. ಕಾಲಿನ ಕಟ್ಟಿಕೊಂಡ ರಕ್ತನಾಳ ತೆರೆಯಬೇಕಿತ್ತು, ಕೊಳೆತದ್ದನ್ನು ತೆಗೆಯಬೇಕಿತ್ತು. ಮರುದಿನ ಕಂಪನಿಯಿಂದ ಉತ್ತರ ಬಂತು. ಕಾರ್ಮಿನಕ್ಕ ಅದನ್ನು ನಮಗೆ ಓದಿ ಹೇಳಿದರು.

"ಇದೇ ಕಾಲಿಗೆ ಒಂಬತ್ತು ಸಲ ಚಿಕಿತ್ಸೆ ಆಗಿ ವಾಸಿಯಾಗಿದೆ ಅಂತ ದಾಖಲೆ ಉಂಟು, ಈಗ ಪುನಃ ಹೇಗೆ ಬಂತು ಅಂತ ಕೇಳ್ತಾರೆ. ಪಾದದ ಚಿಕಿತ್ಸೆಗೆ ನಿಮ್ಮ ಪಾಲಿಸಿಯಲ್ಲಿ ವರ್ಷಕ್ಕೆ ಇಷ್ಟು ಅಂತ ಇತ್ತು. ಅದು ಮುಗಿದಿದೆ. ವಿಚಾರಣೆ ಆಗುವ ತನಕ ಒಪ್ಪಿಗೆ ಇಲ್ಲ."

"ಎಲ್ಲಿ ಮುಗೀತು? ನಾನು ಒಂದು ಪಟ್ಟಿ ಕೂಡ ಹಾಕಿಸ್ಲಿಲ್ಲ ಅಲ್ಲಿ!" ಎಂದರು ಗುಣಪಾಲಣ್ಣ.

"ನಿಮ್ಮ ಸೈನ್ ಉಂಟಲ್ಲ ಅಣ್ಣ."

"ಹಾಗಾದ್ರೆ ಚಿಕಿತ್ಸೆಯೇ ಇಲ್ವಾ?" ಎಂದು ಭವ್ಯಕ್ಕ ಕೇಳಿದರು.

"ಜೀವಕ್ಕೆ ಅಪಾಯ ಬಂದ್ರೆ ಆಸ್ಪತ್ರೆಯವರು ಯಾರನ್ನೂ ಕಾಯುದಿಲ್ಲ, ಕೂಡಲೇ ಮಾಡ್ತಾರೆ. ಆದ್ರೆ ಅಷ್ಟರವರೆಗೆ ಬಿಟ್ರೆ ಕಾಲು ಉಳೀತದಾ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನೀವು ನಿಜ ಬರ್ಕೊಡಿ. ಸೈನ್ ಹಾಕಿದ್ದು ಹೌದು, ಚಿಕಿತ್ಸೆ ಆಗ್ಲಿಲ್ಲ, ಚಪ್ಪಲಿ ತಕ್ಕೊಂಡು ಬಂದದ್ದು ಅಂತ. ದಾಖಲೆ ಸುಳ್ಳು ಅಂತ ಗೊತ್ತಾದ್ರೆ ಮಾತ್ರ ದಾರಿ ಬಿಡ್ತದೆ. ಡಾಕ್ಟರೂ ರಿಪೋರ್ಟ್ ಕೊಡ್ತಾರೆ."

ಗುಣಪಾಲಣ್ಣ ಹೆದರಿದರು. "ಬರ್ಕೊಟ್ರೆ ನಾನೇ ಕಳ್ಳ ಆಗ್ತೇನಲ್ಲ? ಪೊಲೀಸು, ಗಿಲೀಸು ಅಂತ ಆದ್ರೆ? ವೀಸಾ ಹೋದ್ರೆ?"

ಆ ಹೊತ್ತಿಗೇ ನನ್ನ ಫೋನಿಗೆ ನಿಖಿಲರ ಕರೆ ಬಂತು. ಹಿಂದಿನ ದಿನ ಗಾಬರಿಯಲ್ಲಿ ನಾನೇ ಅವರಿಗೆ ಮೆಸೇಜ್ ಹಾಕಿದ್ದೆ. "ಟೆನ್ಷನ್ ಬೇಡ ಸರ್. ಅವರನ್ನ ನಮ್ಮ ಹತ್ರಾನೇ ಕರ್ಕೊಂಡು ಬನ್ನಿ. ಅವರ ಕಾರ್ಡಲ್ಲಿ ಲಿಮಿಟ್ ಮುಗಿದಿದ್ರೆ ಬೇರೆಯವರ ಕಾರ್ಡಲ್ಲಿ ಹಾಕೋಣ. ನಿಮ್ಮದಿದೆಯಲ್ಲ?" ಎಂದರು.

ಈಗ ನೀವು ನನ್ನನ್ನು ಮೂರ್ಖ ಎನ್ನಬಹುದು. ಆದರೆ ಇಲ್ಲಿ ನಾವು ಬದುಕುವುದೇ ಹಾಗೆ. ಒಬ್ಬನ ಬೆಡ್ಡಿನಲ್ಲಿ ಇನ್ನೊಬ್ಬ ಮಲಗುತ್ತಾನೆ, ಒಬ್ಬನ ಲಗೇಜಿನಲ್ಲಿ ಇನ್ನೊಬ್ಬನ ಸಾಮಾನು ಹೋಗುತ್ತದೆ. ಅಣ್ಣನಂಥ ಮನುಷ್ಯನಿಗೆ ಕಾಲು ಹೋಗುತ್ತದೆ ಎಂದಾಗ ನಾನು ಪರ್ಸಿನಿಂದ ನನ್ನ ಐಡಿ ತೆಗೆದು ಮೇಜಿನ ಮೇಲಿಟ್ಟೆ. "ನನ್ನ ಕಾರ್ಡಿನಲ್ಲಿ ಮಾಡಿಸುವ. ಬರ್ಕೊಡುದೆಲ್ಲ ಬೇಡ. ಯಾರಿಗೂ ತೊಂದರೆ ಇಲ್ಲ" ಎಂದೆ.

ಒಳ್ಳೆಯತನ ಅದರಲ್ಲಿ ಅರ್ಧ ಇತ್ತು. ಇನ್ನರ್ಧ ಹೆದರಿಕೆ. ಗುಣಪಾಲಣ್ಣ ನಿಜ ಬರೆದುಕೊಟ್ಟರೆ, ಪೋಸ್ಟರ್ ಹಾಕಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

"ನಿನ್ನ ಕಾರ್ಡಿನಲ್ಲಿ ಇವರ ಕಾಯಿಲೆ ಬರೆದ್ರೆ, ನಾಳೆ ನೀನು ಎಚ್ಚರ ತಪ್ಪಿ ಬಿದ್ದಾಗ ಯಾವ ಡಾಕ್ಟ್ರೂ ನಿನ್ನನ್ನು ಸಕ್ಕರೆ ಕಾಯಿಲೆಯವ ಅಂತಲೇ ತಿಳೀತಾರೆ" ಎಂದರು ಕಾರ್ಮಿನಕ್ಕ. "ಅವರಿಗೆ ಆಗದ ಔಷಧಿ ನಿನಗೆ ಆಗ್ಬಹುದು, ನಿನಗೆ ಆಗದ್ದು ಅವರಿಗೆ ಆಗ್ಬಹುದು. ಕಾರ್ಡ್ ಅಂದ್ರೆ ಬಸ್ಸಿನ ಟಿಕೆಟಾ ಮಾರಾಯ, ಅವರಿವರಿಗೆ ಕೊಡ್ಲಿಕ್ಕೆ? ಅದೂ ದೊಡ್ಡ ತಪ್ಪೇ."

ಭವ್ಯಕ್ಕ ನನ್ನ ಐಡಿಯನ್ನು ಎತ್ತಿ ನನ್ನ ಕೈಗೇ ಕೊಟ್ಟರು. ಅವರು ಅಳುತ್ತಿರಲಿಲ್ಲ. "ಒಂದು ಸುಳ್ಳಿಗೆ ಇವರ ಕಾಲು ಹೀಗಾದದ್ದು ಸಾಲ್ದಾ ಪೃಥ್ವೀ? ಇನ್ನು ನಿನ್ನ ಮೈಯೂ ಬೇಕಾ?" ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. "ನೀವು ಬರೀರಿ. ವೀಸಾ ಹೋದ್ರೆ ಊರಿಗೆ ಹೋಗುವ. ಎರಡು ಕಾಲಲ್ಲಿ ನಡ್ಕೊಂಡು ಹೋಗುವ. ನನಗೆ ನೀವು ಬೇಕು."

ಗುಣಪಾಲಣ್ಣ ತಲೆಯಾಡಿಸಿದರು. "ಬರೀಲಿಕ್ಕೆ ನನಗೆ ಇಂಗ್ಲಿಷ್ ಬರುದಿಲ್ಲ. ಕಾರ್ಮಿನ್, ನಾನು ಹೇಳ್ತೇನೆ, ನೀವು ಬರೀರಿ. ಒಂದೂ ಬಿಡಬೇಡಿ. ಅತ್ತೆಯ ಚಪ್ಪಲಿ ಕೂಡ ಬರೀರಿ" ಎಂದರು.

ಬರೆದದ್ದನ್ನು ಕಾರ್ಮಿನಕ್ಕ ಕನ್ನಡದಲ್ಲಿ ಓದಿ ಹೇಳಿದರು. ಪೂರ್ತಿ ಕೇಳಿ ಗುಣಪಾಲಣ್ಣ ಒಂದೇ ಒಂದು ಸಹಿ ಹಾಕಿದರು. ನಾನು ಪೋಸ್ಟರನ್ನೂ ನಿಖಿಲರ ಮೆಸೇಜುಗಳನ್ನೂ ಕೊಟ್ಟೆ. ಕಾಗದ ಇನ್ಶೂರೆನ್ಸ್ ಕಂಪನಿಗೂ ಹೋಯಿತು, ಆರೋಗ್ಯ ಇಲಾಖೆಗೆ ದೂರಾಗಿಯೂ ಹೋಯಿತು.

ಒಪ್ಪಿಗೆ ಬಂದದ್ದು ಐದನೆಯ ದಿನ. ಆ ಐದು ದಿನ ನಾವು ಹೇಗೆ ಕಳೆದೆವು ಎಂದು ಹೇಳಲು ನನಗೆ ಬರುವುದಿಲ್ಲ. ಭವ್ಯಕ್ಕ ದಿನಕ್ಕೆ ಹತ್ತು ಸಲ ಆ ಕಾಲಿನ ಕಪ್ಪನ್ನು ನೋಡುತ್ತಿದ್ದರು, ನಿನ್ನೆಗಿಂತ ಎಷ್ಟು ಮೇಲೆ ಬಂತು ಎಂದು.

ಡಾಕ್ಟರ್ ಮಧುಮತಿ ಮತ್ತು ಜೊತೆಯ ಸರ್ಜನ್ ಸೇರಿ ಪಾದ ಉಳಿಸಿದರು. ಬೆರಳು ಎರಡು ಹೋದವು. ಕಿರುಬೆರಳು ಮತ್ತು ಅದರ ಪಕ್ಕದ್ದು.

"ಐದು ದಿನ ಮೊದಲೇ ಆಗಿದ್ರೆ?" ಎಂದು ಭವ್ಯಕ್ಕ ಕೇಳಿದರು.

"ಒಂದು ಬಟ್ಟು ಉಳೀತಿತ್ತೋ ಏನೋ. ಖಾತ್ರಿ ಹೇಳಾಕ ಬರೂದಿಲ್ಲ ತಂಗೀ" ಎಂದರು ಡಾಕ್ಟರು. ಅವರೂ ದಣಿದಿದ್ದರು.

ಹೋಟೆಲಿನ ಯಜಮಾನರು ಒಳ್ಳೆಯವರು, ಕೆಲಸ ಬಿಡಿಸಲಿಲ್ಲ. ಗುಣಪಾಲಣ್ಣ ಈಗ ಕೌಂಟರಿನಲ್ಲಿ ಕೂತು ಟೋಕನ್ ಕೊಡುತ್ತಾರೆ. ಕಾವಲಿಯ ಮುಂದೆ ಗಂಟೆಗಟ್ಟಲೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದಾರೆ. ಇಪ್ಪತ್ತೊಂದು ವರ್ಷದ ಕೈ ಅದು. ಈಗ ಬೇರೆಯವರು ಹೊಯ್ದ ದೋಸೆ ತನ್ನ ಮುಂದೆಯೇ ಹಾದುಹೋಗುವುದನ್ನು ನೋಡುತ್ತಾ ಕೂರುತ್ತಾರೆ.

ಕ್ಲಿನಿಕ್ಕಿನ ಮೇಲೆ ವಿಚಾರಣೆ ನಡೆಯುತ್ತಿದೆ. ಗುಣಪಾಲಣ್ಣನನ್ನೂ ನನ್ನನ್ನೂ ಕರೆಸಿ ಕೇಳಿದರು, ಇದ್ದದ್ದನ್ನು ಹೇಳಿದೆವು. ಮುಂದೆ ನಮಗೆ ಏನಾಗುತ್ತದೋ ಗೊತ್ತಿಲ್ಲ. ಏನೂ ಆಗುವುದಿಲ್ಲ ಎಂದು ನಿಮಗೆ ಧೈರ್ಯ ಹೇಳಲು ನಾನು ಇನ್ನೊಂದು ಸುಳ್ಳು ಹೇಳಲಾರೆ.

ನನ್ನ ಪೋಸ್ಟರ್ ನೋಡಿ ಹೋದವರು ಗುಣಪಾಲಣ್ಣನನ್ನು ಬಿಟ್ಟು, ನನ್ನನ್ನೂ ಸೇರಿಸಿ ನಮ್ಮ ಗ್ರೂಪಿನಲ್ಲೇ ಮೂವತ್ತೇಳು ಜನ. ಅವರಿಗೆ ಫೋನಿನಲ್ಲಿ ಹೇಳಿದರೆ ಆಗದು ಎಂದು ದುಬೈಯ ಊದ್ ಮೇಥಾದ ಒಂದು ಹಾಲಿನಲ್ಲಿ ಎಲ್ಲರನ್ನೂ ಕರೆದೆವು. ನಾನು ಮೈಕ್ ಹಿಡಿದು, "ನಮ್ಮ ಒಬ್ಬ ಸದಸ್ಯರಿಗೆ ಹೀಗಾಯಿತು" ಎಂದು ಶುರುಮಾಡಿದೆ.

"ಒಬ್ಬ ಸದಸ್ಯರು ಅಂತ ಎಂತಕ್ಕೆ? ಗುಣಪಾಲ ಅಂತ ಹೇಳು" ಎಂದು ಮುಂದಿನ ಸಾಲಿನಿಂದ ದನಿ ಬಂತು. ಗುಣಪಾಲಣ್ಣ ಕುರ್ಚಿ ಹಿಡಿದುಕೊಂಡು ಎದ್ದು ನಿಂತರು. "ಕಾಲು ನನ್ನದೇ. ಸೈನೂ ನನ್ನದೇ. ನಾನು ನಾಚಿಕೆ ಅಂತ ಮೂಲೆಯಲ್ಲಿ ಕೂತ್ರೆ ನಿಮಗೆ ಹೇಳುವವರು ಯಾರು?"

ಹಿಂದಿನಿಂದ ಆಸ್ವಾಲ್ಡ್ ಎಂಬ ಸೆಕ್ಯುರಿಟಿ ಕೆಲಸದವರು ಎದ್ದರು. "ಈಗ ಹೇಳಿದ್ರೆ ನಮ್ಮನ್ನು ಹಿಡೀತಾರಾ ಅಕ್ಕ?" ಎಂದು ಕಾರ್ಮಿನಕ್ಕನನ್ನು ಕೇಳಿದರು.

"ಹಿಡಿಯುದಿಲ್ಲ ಅಂತ ಗ್ಯಾರಂಟಿ ಕೊಡ್ಲಿಕ್ಕೆ ನಾನು ಯಾರು? ಆದ್ರೆ ತಾವಾಗಿ ಬಂದು ಹೇಳಿದವರಿಗೂ, ಸಿಕ್ಕಿಬಿದ್ದವರಿಗೂ ವ್ಯತ್ಯಾಸ ಉಂಟು. ಮತ್ತೆ ಹೇಳದಿದ್ರೆ ನಿಮ್ಮ ದಾಖಲೆಯಲ್ಲಿ ಆ ಸುಳ್ಳು ಹಾಗೆಯೇ ಇರ್ತದೆ. ನಿಮಗೆ ನಿಜವಾಗಿ ಕಾಯಿಲೆ ಬಂದ ದಿನ ಅದು ನಿಮಗೇ ಅಡ್ಡ ಬರ್ತದೆ" ಎಂದರು ಅವರು.

ಅವತ್ತು ಹಾಲಿನಲ್ಲೇ ಹತ್ತೊಂಬತ್ತು ಜನ ಬರೆದುಕೊಟ್ಟರು. ಮೊದಲನೆಯ ಕಾಗದ ನನ್ನದು, ಆರು ಸಹಿಯ ಲೆಕ್ಕದ್ದು. ಎರಡನೆಯದು ಆಸ್ವಾಲ್ಡರದು. ಉಳಿದ ಹದಿನೆಂಟು ಜನ ಇನ್ನೂ ಹೆದರಿಕೊಂಡಿದ್ದಾರೆ. ಈ ಮಾತು ಹೆಚ್ಚಾಗಿ ಅವರಿಗೆ, ಮತ್ತೆ ಅವರಂತೆಯೇ ಇರುವ ನಿಮಗೆ.

ಅಣ್ಣಂದಿರೇ, ಅಕ್ಕಂದಿರೇ, ದಯಮಾಡಿ ಕೇಳಿ. ನಿಮ್ಮ ಪಾಲಿನ ದುಡ್ಡು ಬೇಡ, ಮೇಲಿಂದ ಉಡುಗೊರೆ ಕೊಡುತ್ತೇವೆ ಎಂದು ಯಾವ ಕ್ಲಿನಿಕ್ಕಾದರೂ ಕರೆದರೆ ಆ ಬಾಗಿಲು ದಾಟಬೇಡಿ. ಪೋಸ್ಟರ್ ಬಂದರೆ ಅದರಲ್ಲಿ ಸರಕಾರದ ಪರ್ಮಿಟ್ ನಂಬರ್ ಇದೆಯೇ ನೋಡಿ, ಇಲ್ಲದ್ದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಆಗಿರುವ ಚಿಕಿತ್ಸೆಗೆ ಮಾತ್ರ ಸಹಿ ಹಾಕಿ, ನಾಳೆಯದಕ್ಕೆ ಇವತ್ತೇ ಹಾಕಬೇಡಿ. ಅರ್ಥವಾಗದ ಭಾಷೆಯಲ್ಲಿದ್ದರೆ ಓದಿ ಹೇಳಿ ಎಂದು ಕೇಳಿ, ಕೇಳುವುದಕ್ಕೆ ಯಾವ ನಾಚಿಕೆಯೂ ಬೇಡ. ನಿಮ್ಮ ಕಾರ್ಡನ್ನು ಒಡಹುಟ್ಟಿದವರಿಗೂ ಕೊಡಬೇಡಿ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆಯಾದರೂ ನಿಜವಾದ ಪಾದದ ಡಾಕ್ಟರಿಗೆ ಕಾಲು ತೋರಿಸಿ. ನಿಮ್ಮ ಪಾಲು ಎಷ್ಟೋ ಅಷ್ಟನ್ನು ಕಟ್ಟಿ, ರಸೀದಿ ತೆಗೆದುಕೊಳ್ಳಿ.

ಈಗಾಗಲೇ ಸಹಿ ಹಾಕಿ ಬಂದಿದ್ದೀರಾ? ದುಬೈಯಾಗಲಿ, ಅಬುಧಾಬಿಯಾಗಲಿ, ಇನ್ಶೂರೆನ್ಸ್ ಕಂಪನಿಗೂ ಆರೋಗ್ಯ ಇಲಾಖೆಗೂ ಹೇಳಲು ದಾರಿ ಇದೆ. ಭಾಷೆ ಬಾರದಿದ್ದರೆ ನಮ್ಮ ಹತ್ತಿರ ಬನ್ನಿ, ಕಾರ್ಮಿನಕ್ಕ ಬರೆದುಕೊಡುತ್ತಾರೆ, ನಾನು ಜೊತೆಗೆ ಬರುತ್ತೇನೆ. ಗುಣಪಾಲಣ್ಣ ನಿಜ ಹೇಳುವ ಹೊತ್ತಿಗೆ ಅವರ ಕಾಲು ಕಪ್ಪಾಗಿತ್ತು. ನೀವು ನಿಮ್ಮ ಕಾಲು ಚೆನ್ನಾಗಿರುವಾಗಲೇ ಬಂದು ಹೇಳಿ.